ಬಡಾವಣೆಯ ಉಪಾಹಾರ ಗೃಹಗಳು: ರುಚಿ, ಸೇವೆ, ಬೆಲೆ

ಊಟ ತಿಂಡಿಯ ವಿಷಯದಲ್ಲಿ ಅಭಿಪ್ರಾಯವಿಲ್ಲದ ಮನುಷ್ಯ ವಿರಳ. ಲೋಕದ ಉಳಿದ ವಿಚಾರಗಳಲ್ಲಿ ಮೌನಿಯಾದವನೂ ದೋಸೆಯ ವಿಷಯ ಬಂದೊಡನೆ ವಾಚಾಳಿಯಾಗುತ್ತಾನೆ. ಯಾವ ಬಡಾವಣೆಯ ಯಾವ ಹೋಟೆಲಿನಲ್ಲಿ ಇಡ್ಲಿ ಮೃದು, ಎಲ್ಲಿ ಸಾಂಬಾರು ಸಿಹಿ, ಎಲ್ಲಿ ಕಾಫಿ ಗಟ್ಟಿ, ಎಲ್ಲಿ ಮಾಣಿ ಸಿಡುಕ ಎಂಬುದನ್ನು ಕರತಲಾಮಲಕವಾಗಿ ಬಲ್ಲವರು ಪ್ರತಿಯೊಂದು ಮನೆಯಲ್ಲಿಯೂ ಒಬ್ಬರಾದರೂ ಇರುತ್ತಾರೆ. ಇಂಥ ತೀರ್ಪುಗಳೆಲ್ಲವೂ ಮೂರು ಅಳತೆಗಳಿಂದ ಹೊರಡುತ್ತವೆ: ರುಚಿ, ಸೇವೆ ಹಾಗೂ ಕೊಟ್ಟ ಹಣಕ್ಕೆ ದೊರೆತ ಪ್ರತಿಫಲ. ಮೂರೂ ಯೋಗ್ಯವಾದ ಅಳತೆಗಳೇ. ಆದರೆ ಇವು ಉಣ್ಣುವವನ ಕಡೆಯಿಂದ ಮಾತ್ರ ಅಳೆಯುತ್ತವೆ. ತಟ್ಟೆಯ ಆಚೆಗೆ ಏನು ನಡೆಯಿತೆಂಬುದು ಇವುಗಳ ಅಳವಿಗೆ ಸಿಕ್ಕುವುದಿಲ್ಲ. ಈ ಕೊರತೆಯನ್ನು ತುಂಬಬಲ್ಲ ಅಳತೆಗಳು ಶ್ರಾವಕಾಚಾರದಲ್ಲಿ ಬಹು ಹಿಂದಿನಿಂದಲೂ ಇವೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳಿಗೆ ಹೇಳಿರುವ ಅತಿಚಾರಗಳನ್ನು ಗಮನಿಸಿದರೆ, ಅವು ಅಂಗಡಿ, ತಕ್ಕಡಿ, ಆಳುಕಾಳುಗಳ ಬದುಕನ್ನು ಚೆನ್ನಾಗಿ ಬಲ್ಲವರು ಗುರುತಿಸಿದ ದೋಷಗಳೆಂಬುದು ಮನವರಿಕೆಯಾಗುತ್ತದೆ.

ಬೆಂಗಳೂರಿನ ಬಡಾವಣೆಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಪ್ಲೇಗಿನ ಹಾವಳಿಯ ಹಿನ್ನೆಲೆಯಲ್ಲಿ 1898ರ ಸುಮಾರಿಗೆ ಬಸವನಗುಡಿ ಮತ್ತು ಮಲ್ಲೇಶ್ವರಗಳು ರೂಪುಗೊಂಡವು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಿತು. ಬಡಾವಣೆ ಬೆಳೆದಂತೆ ಅದರ ಹೋಟೆಲೂ ಬೆಳೆಯಿತು. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿಯೂ, ಶಂಕರಪುರದ ಬ್ರಾಹ್ಮಣರ ಕಾಫಿ ಬಾರ್ 1965ರಲ್ಲಿಯೂ ಪ್ರಾರಂಭವಾದವು. ಎರಡನೆಯದು ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿಗಳಷ್ಟರಿಂದಲೇ, ಅದೂ ಸಾಂಬಾರಿಲ್ಲದೆ ಬರಿಯ ಚಟ್ನಿಯೊಡನೆ, ಹೆಸರು ಗಳಿಸಿತು. 1983ರಲ್ಲಿ ಜಯನಗರದಲ್ಲಿ ತೆರೆದ ಕೆಫೆ ದರ್ಶಿನಿಯೊಂದಿಗೆ ಹೊಸದೊಂದು ಪದ್ಧತಿ ಬಂದಿತು. ಮೊದಲು ಹಣ ಕೊಟ್ಟು ಚೀಟಿ ಪಡೆಯುವುದು, ತಾನೇ ತಟ್ಟೆ ತಂದುಕೊಳ್ಳುವುದು, ನಿಂತು ತಿನ್ನುವುದು. ಕುರ್ಚಿಯಿಲ್ಲ, ಬಡಿಸುವವರಿಲ್ಲ, ಸ್ಥಳ ಕಡಿಮೆ ಸಾಕು, ತಿಂದವರು ಬೇಗ ಹೊರಡುತ್ತಾರೆ. ಆದುದರಿಂದ ಬೆಲೆಯೂ ಇಳಿಯಿತು. ಅಡುಗೆಯ ಬಹುಭಾಗ ಗ್ರಾಹಕನ ಕಣ್ಣೆದುರೇ ನಡೆಯುವುದು ಈ ಪದ್ಧತಿಯ ಇನ್ನೊಂದು ಗುಣ. ‘ದರ್ಶಿನಿ’ ಎಂಬ ಹೆಸರೇ ಇಂದು ಒಂದು ಜಾತಿಯ ಹೋಟೆಲಿಗೆ ಸಾಮಾನ್ಯನಾಮವಾಗಿದೆ.

ರುಚಿ

ರುಚಿಯ ತೀರ್ಪಿನಲ್ಲಿ ಮೊದಲ ದೋಷವೆಂದರೆ ಅವಸರ. ಬೆಳಿಗ್ಗೆ ಏಳು ಗಂಟೆಗೆ ಹೋದವನು ಹಬೆಯಿಂದ ಆಗತಾನೆ ಇಳಿದ ಇಡ್ಲಿಯನ್ನೂ ಮೊದಲ ಡಿಕಾಕ್ಷನ್ನಿನ ಕಾಫಿಯನ್ನೂ ಸವಿಯುತ್ತಾನೆ. ಹನ್ನೊಂದಕ್ಕೆ ಹೋದವನಿಗೆ ಪೆಟ್ಟಿಗೆಯಲ್ಲಿ ಕುಳಿತು ಬೆವೆತ ಇಡ್ಲಿಯೂ, ಅದೇ ಪುಡಿಗೆ ಮತ್ತೆ ನೀರು ಸುರಿದು ಇಳಿಸಿದ ಕಾಫಿಯೂ ಸಿಕ್ಕಬಹುದು. ಒಬ್ಬನು ಅಮೃತವೆನ್ನುತ್ತಾನೆ, ಇನ್ನೊಬ್ಬನು ಹಿಟ್ಟಿನ ಮುದ್ದೆಯೆನ್ನುತ್ತಾನೆ. ಇಬ್ಬರೂ ಸುಳ್ಳಾಡಿದವರಲ್ಲ, ಇಬ್ಬರೂ ಪೂರ್ತಿ ಹೇಳಿದವರೂ ಅಲ್ಲ. ಯಾವ ಹೊತ್ತಿನಲ್ಲಿ, ಯಾವ ತಿಂಡಿಯನ್ನು, ಎಷ್ಟು ಬಾರಿ ತಿಂದು ಹೇಳಿದ ಮಾತು ಎಂಬ ಅಪೇಕ್ಷೆಯನ್ನು ಜೊತೆಗಿಟ್ಟುಕೊಂಡು ಆಡಿದ ಅಭಿಪ್ರಾಯವೇ ಸ್ಯಾದ್ವಾದಕ್ಕೆ ಒಪ್ಪುವ ಅಭಿಪ್ರಾಯ. ಉಡುಪಿ ರೀತಿಯ ಸಾಂಬಾರಿನಲ್ಲಿ ಬೆಲ್ಲದ ಸಿಹಿ ಇರುವುದು ಆ ಅಡುಗೆಯ ಸ್ವಭಾವ. ತನ್ನ ಮನೆಯ ಸಾರಿನಂತಿಲ್ಲವೆಂದು ಅದನ್ನು ದೋಷವೆಂದು ಬರೆದಿಡುವುದು ವಿಮರ್ಶೆಯಾಗದು.

ಎರಡನೆಯ ದೋಷ ಇನ್ನೂ ಆಳವಾದುದು: ನಾಲಗೆಯನ್ನೇ ಏಕಮಾತ್ರ ಸಾಕ್ಷಿಯಾಗಿ ನಂಬುವುದು. ಇಡ್ಲಿಯನ್ನು ಹಿಂದೆ ಒದ್ದೆ ಬಟ್ಟೆ ಹಾಸಿದ ತಟ್ಟೆಗಳಲ್ಲಿ ಬೇಯಿಸುತ್ತಿದ್ದರು. ಬಟ್ಟೆಯನ್ನು ದಿನವೂ ಒಗೆದು ಒಣಗಿಸಬೇಕು. ಅದಕ್ಕೆ ಒಬ್ಬರ ಕೈಯ ದುಡಿಮೆ ಬೇಕು. ಆ ದುಡಿಮೆಯನ್ನು ಉಳಿಸಲು ಎಷ್ಟೋ ಕಡೆ ಬಟ್ಟೆಯ ಜಾಗಕ್ಕೆ ತೆಳುವಾದ ಪ್ಲಾಸ್ಟಿಕ್ ಹಾಳೆ ಬಂದಿತು. ಇಡ್ಲಿ ಅಂಟದೆ ಎದ್ದಿತು, ಬೆಳ್ಳಗೆ ಕಂಡಿತು, ರುಚಿಯಲ್ಲಿ ವ್ಯತ್ಯಾಸ ತಿಳಿಯಲಿಲ್ಲ. ತಿಂದವರು ಮೆಚ್ಚಿಕೊಂಡೇ ಹೋದರು. 2025ರ ಫೆಬ್ರವರಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆಯು ಈ ಪದ್ಧತಿಯ ಅಪಾಯವನ್ನು ತಿಳಿಸಿ ಅದನ್ನು ನಿಷೇಧಿಸಲು ಮುಂದಾದಾಗಲೇ ಅನೇಕರಿಗೆ ಸಂಗತಿ ಗೊತ್ತಾಯಿತು. ಹಾಗೆಯೇ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ಸರ್ಕಾರ ತಡೆಯಿತು. ಆ ಕೆಂಪು ಬಣ್ಣವನ್ನು ಬಯಸಿದ್ದು ಗ್ರಾಹಕನ ಕಣ್ಣೇ. ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇಕಡ 25ನ್ನು ಮೀರಿದರೆ ಅದನ್ನು ಮತ್ತೆ ಬಳಸಬಾರದೆಂಬ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ವಡೆ ಗರಿಗರಿಯಾಗಿದೆಯೆಂದು ಹೇಳಬಲ್ಲ ನಾಲಗೆ, ಎಣ್ಣೆ ಎಷ್ಟನೆಯ ಬಾರಿ ಕಾದದ್ದೆಂದು ಹೇಳಲಾರದು.

ಆದುದರಿಂದ ರುಚಿಯ ಪ್ರಶ್ನೆ ಅಡುಗೆಮನೆಯ ಬಾಗಿಲಿಗೆ ಹೋಗಿಯೇ ತೀರಬೇಕು. ಇದು ಸಾಧ್ಯವಾಗದ ಮಾತೇನೂ ಅಲ್ಲ. 1924ರಲ್ಲಿ ಸ್ಥಾಪಿತವಾದ ಮಾವಳ್ಳಿ ಟಿಫನ್ ರೂಮ್ಸ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಬಂದ ಮೇಲೆ ಪಾತ್ರೆಗಳನ್ನು ಹಬೆಯಿಂದ ಶುದ್ಧಿಗೊಳಿಸುವ ಕ್ರಮವನ್ನು ತಂದರು; ಗ್ರಾಹಕರು ಅಡುಗೆಮನೆಯನ್ನು ನೋಡಿಕೊಂಡು ಹೋಗುವುದಕ್ಕೂ ಅಲ್ಲಿ ಅವಕಾಶವಿತ್ತು. ಅಡುಗೆಮನೆಯನ್ನು ತೋರಿಸಬಲ್ಲ ಹೋಟೆಲಿಗೆ ಬೇರೆ ಪ್ರಶಂಸಾಪತ್ರದ ಅಗತ್ಯವಿರುವುದಿಲ್ಲ.

‘ಜೈನ್’ ಎಂಬ ಚೀಟಿ

ಬಡಾವಣೆಯ ಹೋಟೆಲುಗಳ ತಿಂಡಿಯ ಪಟ್ಟಿಯಲ್ಲಿ ಇತ್ತೀಚೆಗೆ ‘ಜೈನ್’ ಎಂಬ ವಿಶೇಷಣ ಸಾಮಾನ್ಯವಾಗಿದೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿಲ್ಲವೆಂಬುದು ಬಹುಮಟ್ಟಿಗೆ ಅದರ ಅರ್ಥ; ಕೆಲವೆಡೆ ಆಲೂಗೆಡ್ಡೆಯೂ ಇಲ್ಲವೆಂಬ ಭರವಸೆ. ಆದರೆ ಈರುಳ್ಳಿ ಹೆಚ್ಚಿ ಹಾಕಿದ ದೋಸೆ ಬೆಂದ ಕಾವಲಿಯ ಮೇಲೆಯೇ ಈ ದೋಸೆಯೂ ಬೇಯುತ್ತದೆ. ಅದೇ ಸೌಟು ಎರಡೂ ಪಾತ್ರೆಗಳಲ್ಲಿ ಮುಳುಗುತ್ತದೆ. ಜೊತೆಗೆ ಬಡಿಸುವ ಸಾಂಬಾರು ಬೆಳಗಿನ ಜಾವವೇ ಈರುಳ್ಳಿಯೊಡನೆ ಕುದಿದಿರುತ್ತದೆ. ಪೊಟ್ಟಣದ ಆಹಾರಕ್ಕೆ ಸಸ್ಯಾಹಾರದ ಹಸುರು ಗುರುತನ್ನು ಕಾನೂನು ಕಡ್ಡಾಯ ಮಾಡಿದೆ. ಹೋಟೆಲಿನ ಪಟ್ಟಿಯ ‘ಜೈನ್’ ಎಂಬ ಪದವಾದರೋ ಬರೆದವರ ಪ್ರಾಮಾಣಿಕತೆಯನ್ನೇ ಅವಲಂಬಿಸಿ ನಿಂತಿದೆ.

ಇಲ್ಲಿ ನ್ಯಾಯವಾಗಿ ನುಡಿಯಬೇಕಾದರೆ, ವ್ರತವು ಉಣ್ಣುವವನದು, ಹೋಟೆಲಿನದಲ್ಲ. ಹಿಂದಿನ ರಾತ್ರಿ ರುಬ್ಬಿ ಹುದುಗಿಸಿದ ಹಿಟ್ಟನ್ನೇ ಒಪ್ಪದ ಮನೆಗಳಿವೆ; ಒಪ್ಪುವ ಮನೆಗಳೂ ಇವೆ. ಸೂರ್ಯಾಸ್ತದ ನಂತರ ಏನನ್ನೂ ಮುಟ್ಟದವರಿದ್ದಾರೆ. ಚಾತುರ್ಮಾಸದಲ್ಲಿ ಮಾತ್ರ ಹಾಗೆ ನಡೆಯುವವರೂ ಇದ್ದಾರೆ. ಇವೆಲ್ಲವನ್ನೂ ಹೋಟೆಲಿನವರು ಅರಿತು ಪಾಲಿಸಬೇಕೆಂದು ಹಟ ಹಿಡಿಯುವುದು ಸಲ್ಲದು. ಅವರಿಂದ ನಿರೀಕ್ಷಿಸಬೇಕಾದುದು ಸತ್ಯವೊಂದನ್ನೇ. ಏನು ಹಾಕಿದೆ, ಏನು ಹಾಕಿಲ್ಲ, ಯಾವ ಕಾವಲಿಯಲ್ಲಿ ಬೆಂದಿದೆ ಎಂಬುದನ್ನು ಇದ್ದಂತೆ ಹೇಳಿದರೆ ಸಾಕು. ಇಲ್ಲದ ಶುದ್ಧಿಯನ್ನು ಬರೆದು ತೋರಿಸುವುದು ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹದ ದೋಷವಾಗುತ್ತದೆ. ಆದರೆ ಆ ದೋಷದಲ್ಲಿ ಕೇಳುವವನಿಗೂ ಪಾಲುಂಟು. ನೂಕುನುಗ್ಗಲಿನ ಹೊತ್ತಿನಲ್ಲಿ ‘ಈರುಳ್ಳಿ ಇಲ್ಲ ತಾನೆ?’ ಎಂದು ಮೂರು ಬಾರಿ ಒತ್ತಿ ಕೇಳಿದರೆ, ಚೀಟಿ ಹರಿಯುವ ಹುಡುಗನ ಬಾಯಿಂದ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ. ಸುಳ್ಳನ್ನು ಬೇಡಿ ಪಡೆದು ವ್ರತ ಉಳಿಯಿತೆಂದು ಸಮಾಧಾನಪಡುವುದು ಆತ್ಮವಂಚನೆ. ಸಂಶಯವಿದ್ದಲ್ಲಿ ತಿನ್ನದೆ ಎದ್ದು ಬರುವುದೇ ಸುಲಭವಾದ ಮಾರ್ಗ.

ಸೇವೆ

ಸೇವೆ ಚೆನ್ನಾಗಿಲ್ಲ ಎಂಬ ದೂರಿನ ಅರ್ಥ ಸಾಮಾನ್ಯವಾಗಿ ಇಷ್ಟೇ: ಕರೆದೊಡನೆ ಯಾರೂ ಬರಲಿಲ್ಲ, ಬಂದವನು ನಗಲಿಲ್ಲ. ಏಕೆ ಬರಲಿಲ್ಲವೆಂದು ಕೇಳುವವರು ಕಡಿಮೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಎರಡು ಇಲ್ಲಿ ನೇರವಾಗಿ ಸಲ್ಲುತ್ತವೆ. ಶಕ್ತಿಗೆ ಮೀರಿದ ಹೊರೆ ಹೊರಿಸುವುದು ಅತಿಭಾರಾರೋಪಣ. ತನ್ನ ಆಶ್ರಯದಲ್ಲಿರುವ ಜೀವಿಗೆ ಹೊತ್ತಿಗೆ ಸರಿಯಾಗಿ ಅನ್ನ ನೀರು ಕೊಡದಿರುವುದು ಅನ್ನಪಾನನಿರೋಧ. ನಾಲ್ವರು ಮಾಡಬೇಕಾದ ಕೆಲಸವನ್ನು ಇಬ್ಬರಿಂದ ಮಾಡಿಸುವ ಹೋಟೆಲಿನಲ್ಲಿ ಮುಗುಳ್ನಗೆಯನ್ನು ಅಪೇಕ್ಷಿಸುವುದು ಹೇಗೆ? ಮುಂಜಾನೆಯಿಂದ ಸಾವಿರ ತಟ್ಟೆ ತುಂಬಿಸಿದವನು ತಾನು ಉಣ್ಣುವುದು ಎಲ್ಲರ ತಿಂಡಿ ಮುಗಿದ ಮೇಲೆ ಎಂದಾದರೆ, ಆ ಮನೆಯ ಅನ್ನಕ್ಕೆ ಏನು ಬೆಲೆ?

ಹೋಟೆಲು ಮತ್ತು ಧಾಬಾಗಳಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಯಿತು. 2016ರ ತಿದ್ದುಪಡಿ ಆ ನಿಷೇಧವನ್ನು ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿತು. ಅದಕ್ಕೆ ಮುಂಚೆ ಎಷ್ಟೋ ತಲೆಮಾರಿನ ಹುಡುಗರು ಕರಾವಳಿಯಿಂದ ಊರು ಬಿಟ್ಟು ಬಂದು ಲೋಟ ತೊಳೆದೇ ಬೆಳೆದರು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ಬಂದ ಹುಡುಗರು ಓದಿದರು. ದರ್ಶಿನಿಯ ಪದ್ಧತಿಯಲ್ಲಿ ಬಡಿಸುವವನು ಮರೆಯಾದನು. ಆದರೆ ಎಂಜಲು ಮೇಜು ಒರೆಸುವವರು, ಹಿಂಬದಿಯ ತೊಟ್ಟಿಯಲ್ಲಿ ತಟ್ಟೆ ತೊಳೆಯುವವರು ಉಳಿದರು. ‘ಇಲ್ಲಿ ಸೇವೆಯೇ ಇಲ್ಲ, ಎಲ್ಲವೂ ಸ್ವಸಹಾಯ’ ಎನ್ನುವ ಗ್ರಾಹಕನ ಮಾತಿನಲ್ಲಿ ಇವರು ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ಹೋಟೆಲುಗಳಲ್ಲಿ ಬಿಲ್ಲಿಗೆ ತಾನಾಗಿ ಸೇರಿಸುತ್ತಿದ್ದ ಸೇವಾಶುಲ್ಕವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ತಡೆಯಿತು. ದೆಹಲಿ ಉಚ್ಚ ನ್ಯಾಯಾಲಯವು 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಬಲವಂತದ ಶುಲ್ಕ ತಪ್ಪಿದ್ದು ಸರಿಯೇ. ಆದರೆ ತಪ್ಪಿದ ಶುಲ್ಕದ ಒಂದಂಶವನ್ನಾದರೂ ತಟ್ಟೆ ತೊಳೆಯುವವರ ಕೈಗೆ ಸ್ವಸಂತೋಷದಿಂದ ಕೊಟ್ಟವರು ಎಷ್ಟು ಮಂದಿ?

ಬೆಲೆ

ಅಗ್ಗವೆಂಬುದು ನಮ್ಮ ಜನರಿಗೆ ಬಹು ಪ್ರಿಯವಾದ ಗುಣ. ಮಿತವ್ಯಯ ಒಳ್ಳೆಯದೇ, ಆದರೆ ಅಗ್ಗವು ಯಾವುದರಿಂದ ಹುಟ್ಟಿತೆಂಬುದನ್ನು ವಿಚಾರಿಸದೆ ಮೆಚ್ಚುವುದು ಸರಿಯಲ್ಲ. ಕುರ್ಚಿಯನ್ನೂ ಸ್ಥಳವನ್ನೂ ಉಳಿಸಿ ಬೆಲೆ ಇಳಿಸಿದರೆ ಅದು ವ್ಯವಹಾರದ ಜಾಣ್ಮೆ. ಕೂಲಿಯನ್ನೂ ಶುಚಿಯನ್ನೂ ಉಳಿಸಿ ಇಳಿಸಿದರೆ ಆ ವ್ಯತ್ಯಾಸವನ್ನು ಗ್ರಾಹಕನ ಬದಲು ಬೇರೆಯವರು ತೆರುತ್ತಿದ್ದಾರೆಂದು ತಿಳಿಯಬೇಕು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1975ರ ನಂತರ, ಹೋಟೆಲು ತಿಂಡಿಯ ಬೆಲೆಯನ್ನು ಸರ್ಕಾರ ತೀರ ಕೆಳಮಟ್ಟದಲ್ಲಿ ನಿಗದಿ ಮಾಡಿದಾಗ, ಆ ಬೆಲೆಗೆ ಗುಣಮಟ್ಟ ಉಳಿಸುವುದು ಕಷ್ಟವಾಗಿ ಮಾವಳ್ಳಿಯ ಸಂಸ್ಥೆಯು ಸಿದ್ಧ ತಿಂಡಿಪುಡಿಗಳ ಉದ್ಯಮದ ಕಡೆ ತಿರುಗಿತು. ಒಳ್ಳೆಯ ತಿಂಡಿಗೆ ಒಂದು ನ್ಯಾಯವಾದ ಬೆಲೆಯುಂಟು. ಅದಕ್ಕಿಂತ ಕೆಳಗೆ ಇಳಿದರೆ ಏನಾದರೊಂದು ಬಲಿಯಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಅಳತೆ ತೂಕಗಳಲ್ಲಿ ವಂಚಿಸುವ ಹೀನಾಧಿಕಮಾನೋನ್ಮಾನವೂ, ಕೀಳನ್ನು ಬೆರೆಸಿ ಮೇಲೆಂದು ಮಾರುವ ಪ್ರತಿರೂಪಕವ್ಯವಹಾರವೂ ಸೇರಿವೆ. ಬೆಲೆಯನ್ನು ಹಾಗೆಯೇ ಇರಿಸಿ ಇಡ್ಲಿಯನ್ನು ಸದ್ದಿಲ್ಲದೆ ಸಣ್ಣದಾಗಿಸುವುದು ಮೊದಲನೆಯದಕ್ಕೆ ಸೇರುತ್ತದೆ. ಅಂಗಡಿಯಲ್ಲಿ ಮಾರುವ ಕಾಫಿ-ಚಿಕೋರಿ ಮಿಶ್ರಣದಲ್ಲಿ ಶೇಕಡ 51ಕ್ಕೆ ಕಡಿಮೆಯಿಲ್ಲದಷ್ಟು ಕಾಫಿ ಇರಬೇಕು, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. ಲೋಟದ ಕಾಫಿಯ ಮೇಲೆ ಏನೂ ಮುದ್ರಿತವಾಗಿರುವುದಿಲ್ಲ. ಅಲ್ಲಿ ಎರಡನೆಯ ದೋಷಕ್ಕೆ ಅವಕಾಶವಿದೆ. ಫಲಕದ ಮೇಲೆ ಬರೆದು ಐದು ರೂಪಾಯಿ ಹೆಚ್ಚಿಸಿದ ಹೋಟೆಲನ್ನು ಹಳಿಯುತ್ತಾ, ಬೆಲೆ ಹೆಚ್ಚಿಸದೆ ಚಿಕೋರಿ ಹೆಚ್ಚಿಸಿದ ಹೋಟೆಲನ್ನು ಹೊಗಳುವ ಗ್ರಾಹಕನು ಅಪ್ರಾಮಾಣಿಕತೆಗೆ ತಾನೇ ಬಹುಮಾನ ಕೊಟ್ಟಂತಾಗುತ್ತದೆ. ಇನ್ನು ‘ಹಣ ಕೊಟ್ಟಿದ್ದೇವೆ’ ಎಂಬ ಹೆಮ್ಮೆಯಿಂದ ಮೂರು ಬಾರಿ ಚಟ್ನಿ ಹಾಕಿಸಿಕೊಂಡು ತಟ್ಟೆಯಲ್ಲಿ ಬಿಟ್ಟು ಏಳುವುದು, ಪರಿಮಿತಿಯಿಲ್ಲದ ಊಟದ ಎಲೆಯಲ್ಲಿ ಅನ್ನವನ್ನು ಚೆಲ್ಲುವುದು ಅಪರಿಗ್ರಹಕ್ಕೂ ಅಹಿಂಸೆಗೂ ಏಕಕಾಲದಲ್ಲಿ ವಿರುದ್ಧವಾದ ನಡೆ.

ತೀರ್ಪು ಕೊಡುವವನ ಹೊಣೆ

ಒಬ್ಬ ಗ್ರಾಹಕನ ಮಾತು ಇಂದು ಕ್ಷಣಾರ್ಧದಲ್ಲಿ ಸಾವಿರಾರು ಜನರನ್ನು ತಲುಪುತ್ತದೆ. ಗಂಡ ಹೆಂಡತಿ ಸೇರಿ ನಡೆಸುವ ಸಣ್ಣ ಹೋಟೆಲಿಗೆ ಒಂದು ಕೋಪದ ಮಾತು ಒಂದು ತಿಂಗಳ ಗಳಿಕೆಯನ್ನೇ ಕಳೆಯಬಹುದು. ಹಾಗೆಂದು ನಿಜವಾದ ಕೊಳಕನ್ನು ಮುಚ್ಚಿಡುವುದೂ ಧರ್ಮವಲ್ಲ. ಅದರಿಂದ ಮುಂದಿನವನ ಆರೋಗ್ಯಕ್ಕೆ ಹಾನಿ. ದೋಷ ಕಂಡಾಗ ಮೊದಲು ಯಜಮಾನನಿಗೆ ಹೇಳುವುದು, ತಿದ್ದಿಕೊಳ್ಳದಿದ್ದರೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರುವುದು, ಲೋಕಕ್ಕೆ ಹೇಳುವಾಗ ಕಂಡಷ್ಟನ್ನೇ ಹೇಳುವುದು, ಈ ಮೂರು ಮೆಟ್ಟಿಲುಗಳನ್ನು ಕ್ರಮವಾಗಿ ಏರಿದರೆ ಸತ್ಯವೂ ಅಹಿಂಸೆಯೂ ಒಟ್ಟಿಗೆ ಉಳಿಯುತ್ತವೆ.

ಈ ಅಳತೆಗಳು ಬೀದಿಯ ಹೋಟೆಲಿಗೆ ಮಾತ್ರವೇ ಸೀಮಿತವಲ್ಲ. ಬಸದಿಗಳ ವಿಶ್ವಸ್ತ ಮಂಡಳಿಗಳು ಯಾತ್ರಿಕರಿಗಾಗಿ ಭೋಜನಶಾಲೆಗಳನ್ನು ನಡೆಸುತ್ತವೆ; ಪಂಚಕಲ್ಯಾಣಾದಿ ಉತ್ಸವಗಳಲ್ಲಿ ಅಡುಗೆಯನ್ನು ಗುತ್ತಿಗೆಗೆ ಒಪ್ಪಿಸುತ್ತವೆ. ಅಲ್ಲಿ ನೀರು ಸೋಸಿದ್ದಾರೆಯೇ, ಕಂದಮೂಲ ತಪ್ಪಿಸಿದ್ದಾರೆಯೇ ಎಂದು ನೋಡುವಷ್ಟೇ ಶ್ರದ್ಧೆಯಿಂದ, ಪಾತ್ರೆ ತೊಳೆಯುವವರಿಗೆ ಎಷ್ಟು ಕೂಲಿ ಸಿಕ್ಕಿತು, ಅವರು ಎಷ್ಟು ಹೊತ್ತಿಗೆ ಉಂಡರು ಎಂಬುದನ್ನೂ ನೋಡಬೇಕಾಗಿದೆ. ಅತಿ ಕಡಿಮೆ ದರ ಹೇಳಿದವನಿಗೆ ಗುತ್ತಿಗೆ ಕೊಡುವ ಮೊದಲು, ಆ ದರ ಹೇಗೆ ಸಾಧ್ಯವಾಯಿತೆಂದು ಮಂಡಳಿಯವರು ಒಮ್ಮೆ ಕೇಳಲಿ. ಉತ್ತರ ತೃಪ್ತಿಕರವಾಗಿದ್ದರೆ ಆ ಊಟಕ್ಕೆ ಕುಳಿತವರೆಲ್ಲರೂ ನಿಶ್ಚಿಂತೆಯಿಂದ ಉಣ್ಣಬಹುದು.