ಪಾರ್ಕಿನಿಂದ ಮೊದಲು ಏಳುವವರು

ನಮ್ಮ ಊರುಗಳಲ್ಲಿ ಪಾರ್ಕಿನ ಗುಣವನ್ನು ಎಣಿಸಿ ಹೇಳುವ ರೂಢಿ ಇದೆ. ಎಷ್ಟು ಲಕ್ಷದ ಕಾಮಗಾರಿ, ಎಷ್ಟು ಜೋಕಾಲಿ, ಎಷ್ಟು ಜಾರುಬಂಡಿ, ವಾಕಿಂಗ್ ಟ್ರ್ಯಾಕ್ ಎಷ್ಟು ಮೀಟರು, ಓಪನ್ ಜಿಮ್ ಬಂತೋ ಇಲ್ಲವೋ. ಉದ್ಘಾಟನೆಯ ಭಾಷಣದಲ್ಲಿ ಇವಿಷ್ಟೂ ಬರುತ್ತವೆ. ಸಂಜೆ ಐದಕ್ಕೆ ಬಂದ ಮನೆಮಂದಿ ಎಷ್ಟು ಹೊತ್ತು ಅಲ್ಲಿ ಕೂತಿರಬಲ್ಲರು ಎಂಬ ಮಾತು ಮಾತ್ರ ಬರುವುದಿಲ್ಲ. ಕುಟುಂಬ ಪಾರ್ಕಿಗೆ ಹೋಗುವುದು ಗುಂಪಾಗಿ, ಅಲ್ಲಿಂದ ಏಳುವುದೂ ಗುಂಪಾಗಿಯೇ. ಬೆನ್ನು ಆನಿಸಲು ಜಾಗವಿಲ್ಲದೆ ಅಜ್ಜಿಯ ಸೊಂಟ ಹಿಡಿದುಕೊಂಡರೆ ಮೊಮ್ಮಗನ ಜೋಕಾಲಿಯೂ ಅಲ್ಲಿಗೇ ನಿಂತಿತು. ಕೂಸಿನ ತಾಯಿಗೆ ಶೌಚಾಲಯ ಸಿಗದಿದ್ದರೆ ಅರ್ಧ ತಾಸಿನಲ್ಲಿ ಎಲ್ಲರೂ ಚಪ್ಪಲಿ ಹುಡುಕತೊಡಗುತ್ತಾರೆ. ಗಾಲಿಕುರ್ಚಿಯ ಮಗುವಿಗೆ ಗೇಟು ದಾಟಲು ಆಗದಿದ್ದರೆ ಅದರ ಅಣ್ಣ, ಅಕ್ಕ ಕೂಡ ಮನೆಯಲ್ಲೇ ಉಳಿಯುತ್ತಾರೆ. ಆದ್ದರಿಂದ ಲಿಂಗಸುಗೂರು, ಮಸ್ಕಿ, ಸಿಂಧನೂರಿನಂಥ ಊರುಗಳಲ್ಲಿ ಪಾರ್ಕನ್ನು ವಿಮರ್ಶಿಸುವುದಾದರೆ ಅಲ್ಲಿ ಎಲ್ಲರಿಗಿಂತ ಮೊದಲು ದಣಿದು ಏಳುವವರ ಕಡೆಯಿಂದ ನೋಡಬೇಕು. ಅಂಗವಿಕಲರ ಸೌಲಭ್ಯವನ್ನು ಕೊನೆಯಲ್ಲಿ ಸೇರಿಸುವ ಪುಣ್ಯದ ಕೆಲಸವೆಂದು ಬಗೆದರೆ ಪಾರ್ಕಿನ ಲೆಕ್ಕವೇ ತಪ್ಪುತ್ತದೆ. ಉಳಿದವರ ಸಂಜೆ ಎಷ್ಟು ಉದ್ದ ಎಂಬುದು ಅದರ ಮೇಲೇ ನಿಂತಿದೆ.

ಬಾಗಿಲಿನಿಂದಲೇ ಶುರುಮಾಡೋಣ. ದನ ನುಗ್ಗಬಾರದು, ಬೈಕು ಒಳಗೆ ಬರಬಾರದು ಎಂದು ದೊಡ್ಡ ಗೇಟಿಗೆ ಬೀಗ ಹಾಕಿ ಪಕ್ಕದಲ್ಲಿ ಕಬ್ಬಿಣದ ಪೈಪಿನ ತಿರುಗುಗೇಟನ್ನೋ, ಒಬ್ಬರೇ ಮೈ ಓರೆ ಮಾಡಿ ನುಸುಳುವಂಥ ಸಂದನ್ನೋ ಬಿಡುವುದು ಎಲ್ಲೆಡೆ ಕಾಣುವ ಉಪಾಯ. ಎಮ್ಮೆಯನ್ನು ತಡೆಯುವ ಆ ಸಂದು ಗಾಲಿಕುರ್ಚಿಯನ್ನೂ ತಡೆಯುತ್ತದೆ, ಊರುಗೋಲಿನ ಅಜ್ಜನನ್ನೂ ತಡೆಯುತ್ತದೆ, ಕಂಕುಳಲ್ಲಿ ಕೂಸು, ಕೈಯಲ್ಲಿ ಚೀಲ ಹಿಡಿದ ಹೆಣ್ಣುಮಗಳನ್ನೂ ತಡೆಯುತ್ತದೆ. ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಹಿಂಜಿನ, ಮೂರಡಿ ಅಗಲದ ಚಿಕ್ಕ ಬಾಗಿಲು ದನವನ್ನೂ ತಡೆದೀತು, ಇವರನ್ನೂ ಒಳಬಿಟ್ಟೀತು. ಖರ್ಚಿನಲ್ಲಿ ದೊಡ್ಡ ವ್ಯತ್ಯಾಸವೇನೂ ಇಲ್ಲ. ಬಾಗಿಲಾಚೆ ರ‍್ಯಾಂಪ್ ಇದ್ದರೂ ಅದನ್ನು ಅಳೆದು ನೋಡಬೇಕು. ಮಾನದಂಡದ ಪ್ರಕಾರ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಮೂರು ಮೆಟ್ಟಿಲು ಅಂದರೆ ಸುಮಾರು ಒಂದೂವರೆ ಅಡಿ. ಅದಕ್ಕೆ ಹದಿನೆಂಟು ಅಡಿ. ಆದರೆ ಮೆಟ್ಟಿಲ ಪಕ್ಕದ ನಾಲ್ಕೈದು ಅಡಿಯಲ್ಲೇ ಸಿಮೆಂಟು ಸುರಿದು ಮುಗಿಸಿದ್ದನ್ನು ಕಾಣುತ್ತೇವೆ. ಅದು ಸ್ಕೂಟರ್ ಹತ್ತಿಸಲು ಸರಿ. ಗಾಲಿಕುರ್ಚಿಯನ್ನು ಅದರ ಮೇಲೆ ತಳ್ಳುವವರ ರಟ್ಟೆಗೂ ಕೂತವರ ಜೀವಕ್ಕೂ ಅದು ಪರೀಕ್ಷೆ.

ನಡೆಯುವ ದಾರಿಯದು ಈ ಸೀಮೆಗೇ ವಿಶೇಷವಾದ ಕಥೆ. ಸಿಂಧನೂರಿನ ಸುತ್ತ, ಲಿಂಗಸುಗೂರಿನ ಅನೇಕ ಕಡೆ ನೆಲ ಎರೆಯದು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಇಳಿಯುವಷ್ಟು ಬಿರಿಯುತ್ತದೆ. ಅದರ ಮೇಲೆ ತೆಳ್ಳಗೆ ಜಲ್ಲಿಪುಡಿ ಹರಡಿ ಇಂಟರ್‌ಲಾಕ್ ಕಲ್ಲು ಜೋಡಿಸಿದರೆ ಉದ್ಘಾಟನೆಯ ಫೋಟೋದಲ್ಲಿ ಅಂದವಾಗಿ ಕಾಣುತ್ತದೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಕಡೆ ಎದ್ದು ಇನ್ನೊಂದು ಕಡೆ ಕುಸಿದಿರುತ್ತದೆ. ಅರ್ಧ ಇಂಚು ಎದ್ದ ಕಲ್ಲು ಬೂಟು ಹಾಕಿ ಬಿರುಸಾಗಿ ನಡೆಯುವವರಿಗೆ ಏನೂ ಅನ್ನಿಸುವುದಿಲ್ಲ. ಅದೇ ಕಲ್ಲಿಗೆ ಗಾಲಿಕುರ್ಚಿಯ ಮುಂದಿನ ಚಿಕ್ಕ ಚಕ್ರ ಸಿಕ್ಕಿ ನಿಲ್ಲುತ್ತದೆ, ಕಣ್ಣು ಮಂಜಾದವರ ಕಾಲು ಎಡವುತ್ತದೆ. ಎರೆಯನ್ನು ಬೇಕಾದಷ್ಟು ಆಳಕ್ಕೆ ತೆಗೆದು ಗರಸು ತುಂಬಿ, ಪದರ ಪದರವಾಗಿ ನೀರು ಹಾಕಿ ದಮ್ಮಸು ಮಾಡುವುದು ಇಲ್ಲಿನ ರಸ್ತೆ ಗುತ್ತಿಗೆದಾರರಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಪಾರ್ಕಿನ ದಾರಿಯ ಮೇಲೆ ಲಾರಿ ಓಡುವುದಿಲ್ಲವಲ್ಲ ಎಂದು ಅದನ್ನು ಬಿಡುತ್ತಾರೆ. ಅಳತೆ ಪುಸ್ತಕದಲ್ಲಿ ಟ್ರ್ಯಾಕಿನ ಮೀಟರು ದಾಖಲಾಗುತ್ತದೆ, ತಳದ ಗರಸು ಕಣ್ಣಿಗೆ ಕಾಣುವುದೂ ಇಲ್ಲ.

ಇನ್ನು ಬಿಸಿಲು. ರಾಯಚೂರು ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳ ಉಷ್ಣಾಂಶ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಇಂಥ ಬಿಸಿಲಲ್ಲಿ ದಿನವಿಡೀ ಕಾದ ತಗಡಿನ ಜಾರುಬಂಡಿ ಗಾಳಿಗಿಂತ ಎಷ್ಟೋ ಹೆಚ್ಚು ಬಿಸಿಯಾಗಿರುತ್ತದೆ, ಮಕ್ಕಳ ಎಳೆ ಚರ್ಮಕ್ಕೆ ಕೆಲವು ಕ್ಷಣದ ಸ್ಪರ್ಶವೇ ಸಾಕು. ಪಶ್ಚಿಮಕ್ಕೆ ಮುಖಮಾಡಿ ನಿಲ್ಲಿಸಿದ್ದಂತೂ ಸಂಜೆ ಐದಾದರೂ ಆರುವುದಿಲ್ಲ. ಶಾಲೆಗೆ ರಜೆ ಇರುವ ತಿಂಗಳುಗಳೂ ಇವೇ ಎಂಬುದನ್ನು ನೆನೆದರೆ, ಆಟಿಕೆ ಬೇಕಾದ ಹೊತ್ತಿಗೇ ಅದು ಮುಟ್ಟಲಾರದ ವಸ್ತುವಾಗಿರುತ್ತದೆ. ಪೂರ್ವದ ಕಡೆಗೋ ಉತ್ತರದ ಕಡೆಗೋ ತಿರುಗಿಸಿ, ಪಶ್ಚಿಮದಲ್ಲಿ ಎರಡು ಬೇವು ನೆಟ್ಟಿದ್ದರೆ ಅರ್ಧ ತೊಂದರೆ ಕಳೆಯುತ್ತಿತ್ತು. ಆದರೆ ಉದ್ಯಾನ ಎಂದಕೂಡಲೇ ನಮ್ಮ ಕಣ್ಣಮುಂದೆ ಬರುವುದು ಕೆಆರ್‌ಎಸ್ಸಿನ ಬೃಂದಾವನ ಇಲ್ಲವೇ ತುಂಗಭದ್ರಾ ಡ್ಯಾಮಿನ ಪಕ್ಕದ ಮುನಿರಾಬಾದಿನ ಪಂಪಾವನ: ಹುಲ್ಲುಹಾಸು, ಕಾರಂಜಿ, ಕತ್ತರಿಸಿದ ಪೊದೆ. ಅಣೆಕಟ್ಟಿನ ಬುಡದಲ್ಲಿ ಅದು ನಡೆದೀತು. ನಾಲ್ಕಾರು ದಿನಕ್ಕೊಮ್ಮೆ ನಳ ಬಿಡುವ ಊರಲ್ಲಿ ಹುಲ್ಲುಹಾಸು ಒಂದೇ ಬೇಸಿಗೆಗೆ ಮಣ್ಣಾಗುತ್ತದೆ. ಕಂಬದಂತೆ ನೆಟ್ಟಗೆ ಬೆಳೆಯುವ ಅಲಂಕಾರದ ಅಶೋಕ, ರಾಯಲ್ ಪಾಮ್ ಯಾರ ನೆತ್ತಿಗೂ ನೆರಳು ಕೊಡುವುದಿಲ್ಲ. ಬಾಯಿ ತೆರೆದು ಕಸ ಕೇಳುವ ಪೆಂಗ್ವಿನ್ ಡಬ್ಬಿ ಮಾತ್ರ ಎರೆನಾಡಿನ ಬಿಸಿಲಿಗೂ ಜಗ್ಗದೆ ನಿಂತಿರುತ್ತದೆ. ನೆರಳಿನ ಮಾತಿಗೆ ಬಂದರೆ, 1915ರಲ್ಲಿ ಮಸ್ಕಿಯಲ್ಲಿ ದೊರೆತ ಶಾಸನ ಅಶೋಕನ ಹೆಸರನ್ನು ನೇರವಾಗಿ ಹೇಳಿದ್ದಕ್ಕೆ ಜಗತ್ತಿಗೆಲ್ಲ ಗೊತ್ತು. ಅದೇ ಅರಸ ಬೇರೆ ಶಾಸನಗಳಲ್ಲಿ ಮನುಷ್ಯರಿಗೂ ದನಕರುಗಳಿಗೂ ನೆರಳಾಗಲೆಂದು ದಾರಿಬದಿ ಆಲದ ಮರ ನೆಡಿಸಿದ್ದನ್ನು, ಬಾವಿ ತೋಡಿಸಿದ್ದನ್ನು ಹೇಳಿಕೊಂಡಿದ್ದಾನೆ. ನೆರಳು ಮತ್ತು ನೀರು ರಾಜ್ಯದ ಕೆಲಸ ಎಂಬ ಆ ಹಳೆಯ ತಿಳಿವಳಿಕೆ ಇಂದಿನ ಅಂದಾಜುಪಟ್ಟಿಗಳಲ್ಲಿ ಆಟಿಕೆಗಳ ಕೆಳಗೆಲ್ಲೋ ಹೋಗಿ ಕೂತಿದೆ.

ಹೊತ್ತಿನ ಪ್ರಶ್ನೆಯೂ ಇದಕ್ಕೆ ಸೇರಿದ್ದು. ಬೆಳಗಿನ ವಾಯುವಿಹಾರಿಗಳು ಹೋದಮೇಲೆ ಬೀಗ, ಮತ್ತೆ ಸಂಜೆಗೆ ತೆರೆ ಎನ್ನುವುದು ದೊಡ್ಡ ನಗರಗಳಲ್ಲಿ ರೂಢಿಯಲ್ಲಿದ್ದ ಕ್ರಮ. ಆದರೆ ಲಿಂಗಸುಗೂರು ಉಪವಿಭಾಗದ ಕೇಂದ್ರ. ಕಚೇರಿ, ಕೋರ್ಟು, ಆಸ್ಪತ್ರೆ, ಬ್ಯಾಂಕು ಎಂದು ಹಳ್ಳಿಗಳಿಂದ ಬರುವ ಕುಟುಂಬಗಳಿಗೆ ಕೆಲಸ ಹನ್ನೊಂದಕ್ಕೆ ಶುರುವಾಗಿ, ಸಾಹೇಬರು ಬರುವತನಕ ನಡುಮಧ್ಯಾಹ್ನ ಖಾಲಿ ಬೀಳುತ್ತದೆ. ಬುತ್ತಿ ಬಿಚ್ಚಲು, ಕೂಸಿಗೆ ಹಾಲುಣಿಸಲು, ಮುದುಕಿಯನ್ನು ಒಂದು ಗಳಿಗೆ ಮಲಗಿಸಲು ಜಾಗ ಬೇಕಾಗುವುದು ಆಗಲೇ. ತಾಲ್ಲೂಕು ಕೇಂದ್ರದ ಪಾರ್ಕಿಗೆ ಈ ಜನವೇ ದೊಡ್ಡ ಬಳಕೆದಾರರಾಗಬಲ್ಲರು. ಅವರನ್ನು ಅಂಗಡಿಯ ಕಟ್ಟೆಗೆ ಕಳಿಸಿ ಪಾರ್ಕಿಗೆ ಬೀಗ ಹಾಕುವುದೆಂದರೆ ಬೆಂಗಳೂರಿನ ಹಳೆಯ ಗಡಿಯಾರವನ್ನು ತಂದು ಇಲ್ಲಿ ಕಟ್ಟಿದ ಹಾಗೆ.

ಹಾಗಾದರೆ ಈ ಭಾಗದ ಮನೆಮಂದಿ ಹೊರಗೆ ಹೋಗುವುದೇ ಇಲ್ಲವೆ? ಧಾರಾಳವಾಗಿ ಹೋಗುತ್ತಾರೆ. ಟಂಟಂ ಮಾಡಿಕೊಂಡು ನಾರಾಯಣಪುರ ಡ್ಯಾಮಿಗೆ, ಕೃಷ್ಣೆಯ ನಡುಗಡ್ಡೆಯ ಜಲದುರ್ಗಕ್ಕೆ, ಮುದಗಲ್ಲಿನ ಕೋಟೆಗೆ ಹೋಗುತ್ತಾರೆ. ಗುರುಗುಂಟಾ ಅಮರೇಶ್ವರನ ಸನ್ನಿಧಿಗೆ ಹೋದವರು ದಿನವಿಡೀ ಅಲ್ಲೇ ಇದ್ದು ಬರುತ್ತಾರೆ. ಗುಡಿಯ ಪೌಳಿ, ಮರದ ಕಟ್ಟೆ, ಅರವಟ್ಟಿಗೆ, ಊಟದ ಸಾಲು ಎಲ್ಲ ಸೇರಿ ಯಾವ ವಯಸ್ಸಿನವರೂ ಬೇಸತ್ತು ಏಳದಂಥ ಏರ್ಪಾಡು ಅಲ್ಲಿದೆ. ಮುದುಕಿ ಒರಗಿಕೊಂಡು ಬಂದುಹೋಗುವವರನ್ನು ಮಾತಾಡಿಸುತ್ತಾಳೆ, ಮಕ್ಕಳು ಅವಳ ಕಣ್ಣಳತೆಯಲ್ಲೇ ಓಡಾಡುತ್ತವೆ. ಪಾರ್ಕಿನ ನಕ್ಷೆ ಬರೆಯುವವರು ಕಲಿಯಬೇಕಾದ ಮೊದಲ ಪಾಠ ಆ ಕಟ್ಟೆಯದು: ಆಟದ ಜಾಗ ಕಾಣುವಂತೆ ಕೂರುವ ಜಾಗ. ಓಪನ್ ಜಿಮ್ಮನ್ನು ನಡುವೆ ನಿಲ್ಲಿಸಿ, ಸಿಮೆಂಟ್ ಬೆಂಚುಗಳನ್ನು ಕಾಂಪೌಂಡಿಗೆ ಅಂಟಿಸಿ, ಜೋಕಾಲಿಯನ್ನು ಮೂಲೆಗೆ ತಳ್ಳುವ ಈಗಿನ ಪದ್ಧತಿ ಇದಕ್ಕೆ ತದ್ವಿರುದ್ಧ. ಗುಡಿ, ಮಠ, ದರ್ಗಾಗಳೇ ಈ ಕೆಲಸ ಮಾಡುತ್ತಿರುವಾಗ ಪುರಸಭೆಯ ಪಾರ್ಕು ಯಾಕೆ ಎಂದು ಕೇಳಬಹುದು. ಯಾಕೆಂದರೆ ಗುಡಿಯ ಪೌಳಿಯಲ್ಲಿ ಎಲ್ಲರೂ ಒಂದೇ ಮೆಟ್ಟಿಲ ತನಕ ಹೋಗಿಲ್ಲ, ಈಗಲೂ ಎಲ್ಲ ಊರಲ್ಲೂ ಹೋಗುವುದಿಲ್ಲ. ನೀವು ಯಾರ ಪೈಕಿ ಎಂದು ಕೇಳದೆ ಕೂರಲು ಬಿಡುವ ಅಂಗಳ ಊರಿಗೆ ಒಂದಾದರೂ ಬೇಕು.

ಅಂಗವಿಕಲರು ಪಾರ್ಕಿಗೆ ಬರುವುದೇ ಇಲ್ಲ, ಬಾರದವರಿಗೆ ಇಷ್ಟೆಲ್ಲ ಯಾಕೆ ಎಂಬುದು ಪದೇ ಪದೇ ಕೇಳುವ ಆಕ್ಷೇಪ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು, ಅಂದರೆ ನೂರರಲ್ಲಿ ಇಬ್ಬರಿಗಿಂತ ಹೆಚ್ಚು. ಆಗ ಸುಮಾರು 35 ಸಾವಿರ ಜನರಿದ್ದ ಲಿಂಗಸುಗೂರಿಗೆ ಅದೇ ಸರಾಸರಿ ಹಿಡಿದರೆ ಏಳುನೂರಕ್ಕೂ ಹೆಚ್ಚು ಮಂದಿ; ಮೊಣಕಾಲು ನೋವಿನ ಮುದುಕರು, ಬಸುರಿಯರು ಈ ಲೆಕ್ಕದಲ್ಲಿಲ್ಲ. ಇಷ್ಟು ಜನ ಕಾಣುತ್ತಿಲ್ಲ ಎಂದರೆ ಅದು ಗೇಟಿನ ದೋಷಕ್ಕೆ ಸಾಕ್ಷಿ. ಹೊಳೆಗೆ ಸೇತುವೆ ಇಲ್ಲದಾಗ ಯಾರೂ ದಾಟುತ್ತಿಲ್ಲವೆಂದು ಸೇತುವೆ ಬೇಡವೆನ್ನುವ ವಾದವಿದು. ಕಾನೂನಿನ ಮಾತೂ ಸ್ಪಷ್ಟವಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಜಾಗಗಳು ಎಲ್ಲರ ಬಳಕೆಗೆ ಒದಗಬೇಕೆನ್ನುತ್ತದೆ; ಅದಕ್ಕೆ ಬೇಕಾದ ಮಾನದಂಡಗಳು ಬರಿಯ ಶಿಫಾರಸಾಗಿ ಉಳಿಯಬಾರದು, ಕಡ್ಡಾಯದ ನಿಯಮಗಳಾಗಬೇಕೆಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಹೇಳಿದೆ. ಬೆಂಗಳೂರಿನ ಕೋಲ್ಸ್ ಪಾರ್ಕಿನಲ್ಲಿ ಎಲ್ಲ ಮಕ್ಕಳೂ ಕೂಡಿ ಆಡುವಂಥ ಆಟದಂಗಳ ಬಂದದ್ದರ ಹಿಂದೆ ವಿಶೇಷ ಅಗತ್ಯದ ಮಕ್ಕಳ ಪೋಷಕರ ಕಿಲಿಕಿಲಿ ಸಂಸ್ಥೆ ಇತ್ತು. ಅಲ್ಲಿನ ಸಾಮಾನು ಕೊಳ್ಳುವ ಶಕ್ತಿ ಸಣ್ಣ ಪುರಸಭೆಗೆ ಇಲ್ಲದಿರಬಹುದು. ನಕ್ಷೆಗೆ ಮೊದಲು ಊರಿನ ಅಂಥ ಮಕ್ಕಳ ತಾಯಂದಿರನ್ನು ಕರೆದು ಕೇಳುವುದಕ್ಕೆ ಟೆಂಡರು ಬೇಕಿಲ್ಲ.

ದುಡ್ಡಿಲ್ಲ ಎಂಬ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಚರಂಡಿ, ಕುಡಿಯುವ ನೀರಿಗೇ ಸಾಲದ ಬೊಕ್ಕಸ ಪಾರ್ಕಿಗೆ ಎಲ್ಲಿಂದ ತರಬೇಕು? ಆದರೆ ಮಹಾಯುದ್ಧದಲ್ಲಿ ಬಡವಾಗಿದ್ದ ಆಮ್‌ಸ್ಟರ್‌ಡ್ಯಾಮ್ ನಗರ 1947ರಿಂದ ಮುಂದಿನ ಮೂರು ದಶಕಗಳಲ್ಲಿ ಆಲ್ಡೊ ವಾನ್ ಐಕ್ ಎಂಬ ವಾಸ್ತುಶಿಲ್ಪಿಯಿಂದ ಏಳುನೂರಕ್ಕೂ ಹೆಚ್ಚು ಆಟದಂಗಳ ಮಾಡಿಸಿತು. ಮರಳಿನ ಗುಂಡಿ, ನಾಲ್ಕು ಕಬ್ಬಿಣದ ಕಮಾನು, ನೆಗೆಯಲು ಕಲ್ಲು, ಕೂರಲು ಬೆಂಚು, ಇಷ್ಟೇ. ಓಣಿಯ ಖಾಲಿ ತುಂಡುಜಾಗವೇ ಅಂಗಳ. ಊರಿಗೊಂದು ದೊಡ್ಡ ಪಾರ್ಕು ಕಟ್ಟಿ ಅದಕ್ಕೆ ಬಣ್ಣದ ಜಿರಾಫೆ ನಿಲ್ಲಿಸುವುದಕ್ಕಿಂತ ಓಣಿಗೊಂದು ಬೇವು, ಅದರ ಬುಡಕ್ಕೆ ಬೆನ್ನಾಸರೆಯ ಕಟ್ಟೆ, ಪಕ್ಕಕ್ಕೆ ಮರಳು, ಒಂದು ನಳ ಎನ್ನುವುದು ನಮ್ಮ ಜೇಬಿಗೂ ಹತ್ತಿರ, ಮುದುಕರ ಕಾಲಿಗೂ ಹತ್ತಿರ. ಶೌಚಾಲಯ ಮಾತ್ರ ಹೀಗೆ ಹಂಚಲಾಗದ ಖರ್ಚು. ದೊಡ್ಡ ಪಾರ್ಕಿನಲ್ಲಿ ಕಾರಂಜಿಯ ದುಡ್ಡು ಅದಕ್ಕೇ ಹೋಗಬೇಕು, ಜೊತೆಗೆ ಅದನ್ನು ತೊಳೆಯುವವರ ಪಗಾರವೂ. ಕಾಮಗಾರಿಯ ಕೊನೆಯ ಬಿಲ್ಲಿಗೆ ಸಹಿ ಬೀಳುವ ಮುನ್ನ ಬೇಸಿಗೆಯ ಒಂದು ಸಂಜೆ ಊರುಗೋಲಿನವರು, ಗಾಲಿಕುರ್ಚಿಯವರು, ಹಸುಗೂಸಿನ ತಾಯಿ ರಸ್ತೆಯಿಂದ ಒಳಗೆ ಹೋಗಿ ಒಂದು ತಾಸು ಕೂತು ಬರಲಿ. ಅವರು ಎದ್ದ ಕಾರಣವನ್ನು ಎಂಜಿನಿಯರು ಅಳತೆ ಪುಸ್ತಕದಲ್ಲಿ ಬರೆದುಕೊಳ್ಳಲಿ.

ಗೇಟು ಸಡಿಲ ಬಿಟ್ಟರೆ ಕುಡುಕರು ಸೇರುತ್ತಾರೆ, ಇಸ್ಪೀಟು ಶುರುವಾಗುತ್ತದೆ ಎನ್ನುವ ಭಯ ನಿಜವಾದದ್ದು. ಆದರೆ ಬೀಗ ಹಾಕಿದ ಪಾರ್ಕಿನ ಮೂಲೆಯಲ್ಲೂ ಬಾಟಲಿ ಸಿಗುತ್ತದೆ. ಕಾಂಪೌಂಡು ಹಾರಬಲ್ಲವರಿಗೆ ಬೀಗ ಅಡ್ಡಿಯಲ್ಲ, ಹಾರಲಾರದವರಿಗೆ ಮಾತ್ರ ಅಡ್ಡಿ. ಅಮೆರಿಕದ ಜೇನ್ ಜೇಕಬ್ಸ್ 1961ರಲ್ಲೇ ತೋರಿಸಿಕೊಟ್ಟಂತೆ ಪಾರ್ಕನ್ನು ಕಾಯುವುದು ಅಲ್ಲಿಗೆ ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಕಾರಣಕ್ಕೆ ಬರುವ ಜನ. ಮಧ್ಯಾಹ್ನ ಬುತ್ತಿಯವರು, ಸಂಜೆ ಮಕ್ಕಳು, ಕತ್ತಲಾದಮೇಲೆ ಊಟ ಮುಗಿಸಿದ ಹೆಂಗಸರು ಇರುವ ಕಡೆ ಇಸ್ಪೀಟಿನ ಎಲೆ ಹರಡುವುದು ಸುಲಭವಲ್ಲ. ಒಳಾಂಗಣ ಕಾಣದಂತೆ ಎತ್ತರಿಸಿದ ಕಾಂಪೌಂಡು ಗೋಡೆಯನ್ನು ಸೊಂಟದೆತ್ತರಕ್ಕೆ ಇಳಿಸಿ ಮೇಲೆ ಜಾಲರಿ ಹಾಕಿದರೆ ರಸ್ತೆಯ ಕಣ್ಣೂ ಒಳಗೆ ಬೀಳುತ್ತದೆ.

ಸುತ್ತ ಹೊಲ, ಹಳ್ಳ, ಬಯಲು ಇರುವ ಸೀಮೆಗೆ ಪಾರ್ಕಿನ ಶೋಕಿ ಯಾಕೆ ಎನ್ನುವವರೂ ಇದ್ದಾರೆ. ಬಯಲು ಇತ್ತು, ನಿಜ. ಈಗ ಅದು ಲೇಔಟು. ಉಳಿದ ಬಯಲು ಕ್ರಿಕೆಟ್ಟಿನ ಹುಡುಗರದು. ಏಳನೆಯ ಇಯತ್ತೆ ದಾಟಿದ ಹುಡುಗಿಗೆ ಅಲ್ಲಿ ಬಾಲ್ ಎತ್ತಿಕೊಡುವ ಕೆಲಸವೂ ಇಲ್ಲ. ಓಣಿಯ ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರು, ಲಾರಿ. ಕಾನೂನು ಪಾರ್ಕಿಗೆ ಜಾಗ ಕೊಟ್ಟಿದೆ: 1985ರ ರಾಜ್ಯ ಕಾಯ್ದೆ ಉದ್ಯಾನ, ಆಟದ ಮೈದಾನ, ಬಯಲುಗಳನ್ನು ಕಾಪಾಡಲೆಂದೇ ಬಂದದ್ದು, ಬೆಂಗಳೂರಿನ ಸದಾಶಿವನಗರದಲ್ಲಿ ಪಾರ್ಕಿಗೆ ಮೀಸಲಿಟ್ಟ ನೆಲದಲ್ಲಿ ನರ್ಸಿಂಗ್ ಹೋಂ ಕಟ್ಟಲು ಕೊಟ್ಟದ್ದನ್ನು ಸುಪ್ರೀಂ ಕೋರ್ಟು 1991ರಲ್ಲಿ ಒಪ್ಪಲಿಲ್ಲ. ಹೊಸ ಬಡಾವಣೆಗಳ ನಕ್ಷೆಯಲ್ಲೂ ಹಸಿರು ಬಣ್ಣದ ತುಂಡು ಇದ್ದೇ ಇರುತ್ತದೆ. ಅದು ಯಾವ ತುಂಡು ಎಂದು ನೋಡಿದರೆ ಸಾಮಾನ್ಯವಾಗಿ ಹಳ್ಳದ ದಂಡೆಯ ತ್ರಿಕೋನವೋ ಹೈಟೆನ್ಷನ್ ತಂತಿಯ ಕೆಳಗಿನ ಪಟ್ಟಿಯೋ ಆಗಿರುತ್ತದೆ, ನಿವೇಶನ ಮಾಡಿದರೆ ಯಾರೂ ಕೊಳ್ಳದ ಜಾಗ. ಅಂಥಲ್ಲಿ ತಂತಿಯ ಕೆಳಗೆ ಮರ ಎತ್ತರಕ್ಕೆ ಬೆಳೆಯುವಂತಿಲ್ಲ, ಹಳ್ಳದ ಇಳುಕಲಿನಲ್ಲಿ ರ‍್ಯಾಂಪು ಎಷ್ಟು ಉದ್ದವಾದರೂ ಸಾಲದು. ಬಾಗಿಲು, ಗರಸು, ಬೇವು, ಕಟ್ಟೆ ಎಂದು ಮುಂದೆ ಎಷ್ಟು ಖರ್ಚು ಮಾಡಿದರೂ ತಿದ್ದಲಾಗದ ತಪ್ಪು ಲೇಔಟಿನ ಅನುಮೋದನೆಯ ಮೇಜಿನ ಮೇಲೆ ಆಗಿಹೋಗಿರುತ್ತದೆ. ನಿವೇಶನಗಳ ಮಾರಾಟಕ್ಕೆ ಮುಂಚೆ ಆ ಹಸಿರು ತುಂಡಿನ ಮೇಲೆ ವಾರ್ಡಿನ ಸದಸ್ಯರು ಒಮ್ಮೆ ನಡೆದು ನೋಡುವ ನಿಯಮವನ್ನಾದರೂ ಮಾಡಬಹುದು.