ಚೆಂಡು ಹರಿವ ದಾರಿ: ಆರ್‌ಸಿಬಿ ವನಿತೆಯರ ಆಟ ನೋಡುವ ಬಗೆ

ಅಯ್ಯನಕೆರೆಯ ತೂಬು ಬಿಟ್ಟ ಮೇಲೆ ನೀರನ್ನು ಎಲ್ಲಿ ಕಟ್ಟಬೇಕು, ಎಲ್ಲಿ ಮಡೆ ತಿರುಗಿಸಬೇಕು ಎಂಬುದನ್ನು ಸಖರಾಯಪಟ್ಟಣದ ತೋಟದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಹಿಳೆಯರ ಟಿ20 ಪಂದ್ಯ ನೋಡಲು ಹೊಸದಾಗಿ ಕೂರುವವರಿಗೆ ಬೇಕಾದದ್ದು ಅದೇ ಕಣ್ಣು. ನಾಯಕಿ ಚೆಂಡಿಗೆ ಎತ್ತ ದಾರಿ ಬಿಟ್ಟಿದ್ದಾರೆ, ಎತ್ತ ಅಡ್ಡ ಕಟ್ಟಿದ್ದಾರೆ ಎಂದು ಮೊದಲು ನೋಡಬೇಕು. ಬ್ಯಾಟು ಬೀಸುವುದನ್ನು ಆಮೇಲೆ ನೋಡಿದರಾಯಿತು.

ಪುರುಷರ ಐಪಿಎಲ್ ನೋಡಿ ಬಂದವರು ಸಾಮಾನ್ಯವಾಗಿ ಸಿಕ್ಸರ್ ಎಣಿಸುತ್ತಾ ಕೂರುತ್ತಾರೆ. ಆ ಲೆಕ್ಕ ಇಲ್ಲಿ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಮಹಿಳೆಯರ ಚೆಂಡು ತುಸು ಹಗುರ, 140ರಿಂದ 151 ಗ್ರಾಂ. ಬೌಂಡರಿ ಹಗ್ಗವೂ ಹತ್ತಿರ. ಬರಿಯ ವೇಗವನ್ನು ನಂಬದೆ ಚೆಂಡನ್ನು ನಿಧಾನಿಸುವ, ತಿರುಗಿಸುವ, ಬ್ಯಾಟರ್‌ಗೆ ಆಸೆ ಹುಟ್ಟಿಸುವ ಬೌಲಿಂಗ್‌ಗೆ ಇಲ್ಲಿ ಬೆಲೆ ಹೆಚ್ಚು. ಹಾಗಾಗಿ ಪವರ್‌ಪ್ಲೇಯ ಆರು ಓವರ್ ಮುಗಿದೊಡನೆ ಎದ್ದು ಹೋಗಬಾರದು. ರಸ ಇರುವುದೇ ಅಲ್ಲಿಂದ ಮುಂದೆ.

2024ರ ಮಾರ್ಚ್ 17ರಂದು ದೆಹಲಿಯಲ್ಲಿ ನಡೆದ ಮಹಿಳಾ ಪ್ರೀಮಿಯರ್ ಲೀಗ್ ಫೈನಲ್‌ನ ಎಂಟನೇ ಓವರ್ ಇದಕ್ಕೆ ಒಳ್ಳೆಯ ಪಾಠ. ಡೆಲ್ಲಿ ಕ್ಯಾಪಿಟಲ್ಸ್ ಏಳು ಓವರಿಗೆ ವಿಕೆಟ್ ಕಳೆದುಕೊಳ್ಳದೆ 64 ರನ್ ಮಾಡಿತ್ತು. ಶಫಾಲಿ ವರ್ಮಾ ಸಿಡಿಯುತ್ತಿದ್ದರು. ಎದುರಾಳಿ ಆರ್‌ಸಿಬಿಯ ಎಡಗೈ ಸ್ಪಿನ್ನರ್ ಸೋಫಿ ಮೊಲಿನ್ಯೂ ಅವರ ಮೊದಲ ಎಸೆತಕ್ಕೇ ಶಫಾಲಿ ಎತ್ತಿ ಹೊಡೆದರು. ಅವರು ಹಗ್ಗ ದಾಟಿಸಲು ನೋಡಿದ ದಿಕ್ಕಿನಲ್ಲೇ ಫೀಲ್ಡರ್ ಕಾದಿದ್ದರು. ಮೂರನೇ ಎಸೆತಕ್ಕೆ ಜೆಮಿಮಾ ರಾಡ್ರಿಗಸ್ ಬೌಲ್ಡ್, ನಾಲ್ಕನೆಯದಕ್ಕೆ ಆಲಿಸ್ ಕ್ಯಾಪ್ಸಿ ಬೌಲ್ಡ್. ಆಮೇಲೆ ಬೆಂಗಳೂರಿನ ಹುಡುಗಿ ಶ್ರೇಯಾಂಕಾ ಪಾಟೀಲ ಆಫ್ ಸ್ಪಿನ್‌ನಲ್ಲಿ ಕೇವಲ 12 ರನ್ ಕೊಟ್ಟು ನಾಲ್ಕು ವಿಕೆಟ್ ಕಿತ್ತರು. ಡೆಲ್ಲಿ 113ಕ್ಕೆ ಮುಗಿಯಿತು.

ಬೆನ್ನಟ್ಟಿದ ಬಗೆಯನ್ನೂ ಗಮನಿಸಬೇಕು. 114 ರನ್ ಮಾಡಲು ಆರ್‌ಸಿಬಿ 19.3 ಓವರ್ ತೆಗೆದುಕೊಂಡಿತು. ಅವಸರಪಡುವ ಪ್ರೇಕ್ಷಕರಿಗೆ ಅದು ಮಂದ ಆಟ. ಆದರೆ ಸ್ಮೃತಿ ಮಂದಾನ, ಸೋಫಿ ಡಿವೈನ್, ಎಲಿಸ್ ಪೆರಿ ಮೂವರೂ ಮೂವತ್ತರ ಆಸುಪಾಸಿನಲ್ಲಿ ರನ್ ಗಳಿಸಿ, ವಿಕೆಟ್ ಚೆಲ್ಲದೆ, ಒಂದೊಂದು ರನ್ನನ್ನೂ ಕೂಡಿಟ್ಟ ರೀತಿ ಅಪ್ಪಟ ಕಸುಬುದಾರಿಕೆ. ರಿಚಾ ಘೋಷ್ ಬೌಂಡರಿ ಹೊಡೆದು ಮುಗಿಸಿದರು. 2008ರಿಂದ ಅಭಿಮಾನಿಗಳು ಕಾಯುತ್ತಿದ್ದ ಕಪ್ ಅನ್ನು ಆರ್‌ಸಿಬಿಗೆ ಮೊದಲು ತಂದುಕೊಟ್ಟವರು ಹೆಣ್ಣುಮಕ್ಕಳು. ಅದೂ 2023ರ ಮೊದಲ ಸೀಸನ್ನಿನಲ್ಲಿ ಸತತ ಐದು ಪಂದ್ಯ ಸೋತು ಆರಂಭಿಸಿದ್ದ ತಂಡ.

ಸಖರಾಯಪಟ್ಟಣದವರಿಗೆ ಈ ಆಟದೊಳಗೆ ಹೊಕ್ಕಲು ಹತ್ತಿರದ ಬಾಗಿಲೊಂದಿದೆ: ಕಡೂರಿನ ವೇದಾ ಕೃಷ್ಣಮೂರ್ತಿ. ಹುಡುಗರ ಜೊತೆ ಬೀದಿಯಲ್ಲಿ ಆಡಿ ಬೆಳೆದು, ಬೆಂಗಳೂರಿಗೆ ಹೋಗಿ ತರಬೇತಿ ಪಡೆದು, 2011ರಲ್ಲಿ ಇಂಗ್ಲೆಂಡಿನ ಡರ್ಬಿಯಲ್ಲಿ ಮೊದಲ ಏಕದಿನ ಪಂದ್ಯದಲ್ಲೇ 51 ರನ್ ಹೊಡೆದವರು. ಅದೇ ಡರ್ಬಿಯಲ್ಲಿ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಎಸೆತಕ್ಕೆ 70. ಆ ದಿನ ಐದು ವಿಕೆಟ್ ಪಡೆದವರು ವಿಜಯಪುರದ ರಾಜೇಶ್ವರಿ ಗಾಯಕ್ವಾಡ್. ವೇದಾ 2024ರಲ್ಲಿ ಗುಜರಾತ್ ಜೈಂಟ್ಸ್ ಪರ ಲೀಗ್ ಆಡಿ, 2025ರಲ್ಲಿ ನಿವೃತ್ತಿ ಹೇಳಿದರು. ಹಳೆಯ ವಿಡಿಯೊ ಸಿಕ್ಕರೆ ಅವರ ಬ್ಯಾಟಿಂಗ್ ಜೊತೆಗೆ ಫೀಲ್ಡಿಂಗನ್ನೂ ನೋಡಬೇಕು. ಚೆಂಡು ಬಂದ ಮೇಲೆ ಓಡುವವರಿಗೂ ಬರುವ ಮೊದಲೇ ಹೆಜ್ಜೆ ಎತ್ತಿಟ್ಟವರಿಗೂ ಇರುವ ವ್ಯತ್ಯಾಸ ತಿಳಿಯುತ್ತದೆ.

ಇನ್ನು ಕೊನೆಯ ಓವರ್. 2024ರ ಆ ಫೈನಲ್‌ಗೆ ಎರಡು ದಿನ ಮೊದಲು ಎಲಿಮಿನೇಟರ್‌ನಲ್ಲಿ ಮುಂಬೈಗೆ ಬೇಕಿದ್ದದ್ದು 136. ಹರ್ಮನ್‌ಪ್ರೀತ್ ಕೌರ್ ಕ್ರೀಸಿನಲ್ಲಿದ್ದಾಗ ಪಂದ್ಯ ಮುಂಬೈ ಕೈಯಲ್ಲೇ ಇತ್ತು. ಹದಿನೆಂಟನೇ ಓವರಿನಲ್ಲಿ ಹರ್ಮನ್‌ಪ್ರೀತ್ ಅವರನ್ನು ಶ್ರೇಯಾಂಕಾ ಔಟ್ ಮಾಡಿದರು. ಕಡೆಗೆ ಆರು ಎಸೆತಕ್ಕೆ 12 ರನ್. ಆ ಹೊತ್ತಿನಲ್ಲಿ ನಾಯಕಿ ಮಂದಾನ ಚೆಂಡು ಕೊಟ್ಟದ್ದು ಲೆಗ್ ಸ್ಪಿನ್ನರ್ ಆಶಾ ಶೋಭನಾ ಕೈಗೆ! ಮುನ್ನುಗ್ಗಿ ಹೊಡೆಯಲು ಹೋದ ಪೂಜಾ ವಸ್ತ್ರಾಕರ್ ಅವರನ್ನು ರಿಚಾ ಸ್ಟಂಪ್ ಮಾಡಿದರು. ಆರ್‌ಸಿಬಿ ಐದು ರನ್ನಿನಿಂದ ಗೆದ್ದಿತು. ಇಂಥ ಓವರಿನಲ್ಲಿ ವಿಕೆಟ್‌ಕೀಪರ್ ಎಷ್ಟು ಹತ್ತಿರ ನಿಂತಿದ್ದಾರೆ, ಬ್ಯಾಟರ್ ಕ್ರೀಸ್ ಬಿಡುವಂತೆ ಬೌಲರ್ ಹೇಗೆ ಪುಸಲಾಯಿಸುತ್ತಾರೆ ಎಂಬುದರ ಮೇಲೆ ಕಣ್ಣಿರಲಿ.

ಒಂದು ಪಂದ್ಯವನ್ನಾದರೂ ಮೈದಾನದಲ್ಲೇ ನೋಡುವುದು ಮೇಲು, ಟಿವಿಯಲ್ಲಿ ಇಡೀ ಫೀಲ್ಡ್ ಒಟ್ಟಿಗೆ ಕಾಣುವುದಿಲ್ಲ. 2025ರ ಆಗಸ್ಟ್‌ನಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆ ಮಹಿಳೆಯರಿಗಾಗಿ ಐದು ತಂಡಗಳ ಮಹಾರಾಣಿ ಟ್ರೋಫಿ ಶುರುಮಾಡಿತು. ಅದರಲ್ಲಿ ಶಿವಮೊಗ್ಗ ಲಯನ್ಸ್ ಇದೆ; ಕಡೂರು, ತರೀಕೆರೆ, ಅಜ್ಜಂಪುರದ ಕಡೆಯವರಿಗೆ ನೆರೆಯ ತಂಡವೆಂದರೆ ಅದೇ.