ಲಾಯದಲ್ಲೇ ಉಳಿದ ಕುದುರೆ

ಕಾರಿನ ಬಗ್ಗೆ ಬರೆಯಲು ಈ ಟೀಚರಿಗೇನು ಗೊತ್ತು ಎಂದು ನೀವು ಕೇಳಬಹುದು. ನಿಜ, ಸ್ಕೂಟಿಯನ್ನೇ ಹೆದರಿಕೊಂಡು ಓಡಿಸುವವಳು ನಾನು. ಕಳೆದ ರಜೆಯಲ್ಲಿ ಬಂದಿದ್ದ ತಂಗಿಯ ಮಗ ಫೋನಿನಲ್ಲಿ ಒಂದು ಕೆಂಪು ಕಾರಿನ ಚಿತ್ರ ತೋರಿಸಿ, "ನೋಡಿ ದೊಡ್ಡಮ್ಮ, ಮೂವತ್ತು ವರ್ಷಕ್ಕೂ ಹಳೇ ಕಾರು. ಆದ್ರೆ ಓಡಿರೋದು ತುಂಬಾ ಕಮ್ಮಿ. ಅದಕ್ಕೇ ಇಷ್ಟೊಂದು ಬೆಲೆ" ಎಂದ. ಓಡದೇ ಇದ್ದುದಕ್ಕೆ ಬೆಲೆಯೆ? ಆ ಮಾತು ಮನಸ್ಸಿನಲ್ಲಿ ಕುಳಿತುಬಿಟ್ಟಿತು.

ಅದು ಫೆರಾರಿ ಎಫ್ 40. ಇಟಲಿಯ ಮರನೆಲ್ಲೊ ಎಂಬ ಊರಿನ ಕಾರ್ಖಾನೆಯಿಂದ 1987ರಲ್ಲಿ ಹೊರಬಂದದ್ದು. ಕಂಪನಿಯ ಕಾರುಗಳಿಗೆ ನಲವತ್ತು ವರ್ಷ ತುಂಬಿದ ನೆನಪಿಗೆ ಆ ಹೆಸರು. ರೇಸಿಗೆಂದು ಸಿದ್ಧವಾಗುತ್ತಿದ್ದ ಬೇರೊಂದು ಕಾರು, ಆ ವರ್ಗದ ರೇಸೇ ನಿಂತುಹೋದಾಗ, ಇದಕ್ಕೆ ತಾಯಿಬೇರಾಯಿತು. ಎಂಜೊ ಫೆರಾರಿಯವರಿಗೆ ಆಗ 89 ವರ್ಷ. ಮರುವರ್ಷ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಅವರ ಕಾಲದಲ್ಲಿ ಬಿಡುಗಡೆಯಾದ ಕೊನೆಯ ಹೊಸ ಕಾರು ಇದೇ.

ಚಿತ್ರಗಳನ್ನು ನೋಡುತ್ತಾ ನನಗೆ ಆಶ್ಚರ್ಯವಾಯಿತು. ಇಷ್ಟು ದುಬಾರಿ ಕಾರಿನಲ್ಲಿ ಕಾರ್ಪೆಟ್ ಇಲ್ಲ, ರೇಡಿಯೋ ಇಲ್ಲ. ಒಳಗಿನಿಂದ ಬಾಗಿಲು ತೆಗೆಯಲು ಹಿಡಿಯ ಬದಲು ಎಳೆಯುವ ಒಂದು ತಂತಿ. ಮೊದಮೊದಲ ಕಾರುಗಳ ಕಿಟಕಿಗಳು ಗಾಜಿನವಲ್ಲ, ಪ್ಲಾಸ್ಟಿಕ್ಕಿನವು. ಎಲ್ಲವೂ ಭಾರ ಇಳಿಸುವುದಕ್ಕಾಗಿ. 478 ಅಶ್ವಶಕ್ತಿಯ ಎಂಜಿನ್ನು, ಗಂಟೆಗೆ 324 ಕಿ.ಮೀ. ವೇಗ. ಓಟಕ್ಕೆ ಬೇಡವಾದದ್ದನ್ನೆಲ್ಲ ಕಳಚಿದ ಪೈಲ್ವಾನನ ಹಾಗೆ ಈ ಕಾರು. ಅದರ ಚೆಲುವೂ ಅಲ್ಲೇ ಇದೆ. ಒಡವೆ ಹೇರಿಕೊಂಡ ಚೆಲುವಲ್ಲ, ಕೆಲಸಕ್ಕೆ ಸೆರಗು ಕಟ್ಟಿ ನಿಂತ ಚೆಲುವು. ಈ ಮಟ್ಟಿಗೆ ನಾನು ಪೂರ್ತಿ ಮೆಚ್ಚುತ್ತೇನೆ.

ನನ್ನ ತಕರಾರು ಅದನ್ನು ಕೊಂಡವರ ಮೇಲೆ. ಮೊದಲು 400 ಮಾತ್ರ ಎಂದುಕೊಂಡಿದ್ದ ಕಂಪನಿ, ಬೇಡಿಕೆ ಕಂಡು 1992ರ ತನಕ 1,300ಕ್ಕೂ ಹೆಚ್ಚು ತಯಾರಿಸಿತು. ಅವುಗಳಲ್ಲಿ ಕೆಲವು ಮುಸುಕು ಹೊದ್ದು ಗ್ಯಾರೇಜಿನಲ್ಲೇ ಉಳಿದವು. ಓಡಲೆಂದೇ ಸುಖವನ್ನೆಲ್ಲ ಬಿಟ್ಟ ಕಾರು ಅದು. ಅದರ ಓಟವನ್ನೂ ತೆಗೆದುಬಿಟ್ಟರೆ ಉಳಿಯುವುದೇನು?

ಇನ್ನೊಂದು ಸಂಗತಿ ಇದೆ. ನಿಲ್ಲಿಸಿದ ಮಾತ್ರಕ್ಕೆ ಕಾರು ಹೊಸದಾಗಿಯೇ ಉಳಿಯುವುದಿಲ್ಲ. ಟೈರು ಗಟ್ಟಿಯಾಗುತ್ತದೆ. ಎಂಜಿನ್ನಿನ ಬೆಲ್ಟನ್ನು ಓಡದಿದ್ದರೂ ವರ್ಷ ಲೆಕ್ಕ ಹಾಕಿ ಬದಲಿಸಬೇಕು. ರೇಸ್ ಕಾರಿನಲ್ಲಿರುವಂಥ ಅದರ ಪೆಟ್ರೋಲಿನ ರಬ್ಬರ್ ಚೀಲಗಳಿಗೂ ಆಯುಸ್ಸು ಇಷ್ಟೇ ಎಂದಿದೆ. ಮೀಟರು ನಿಂತರೂ ಕಾಲ ನಿಲ್ಲುವುದಿಲ್ಲ.

ಇದನ್ನು ಕೇಳಿದಾಗ ನನಗೆ ಅಮ್ಮನ ಟ್ರಂಕು ನೆನಪಾಯಿತು. ಮದುವೆಯ ರೇಷ್ಮೆ ಸೀರೆಯನ್ನು ಅಮ್ಮ ಎರಡೋ ಮೂರೋ ಸಲ ಉಟ್ಟಿರಬೇಕು. "ನಿನಗೇ ಇರಲಿ" ಎಂದು ನುಸಿಗುಳಿಗೆ ಹಾಕಿ ಇಟ್ಟಳು. ಅವಳು ಹೋದಮೇಲೆ ಬಿಡಿಸಿ ನೋಡಿದರೆ ಮಡಿಕೆ ಮಡಿಕೆಯಲ್ಲೂ ಸೀಳಿತ್ತು. ಅವಳು ಉಡದೆ ಉಳಿಸಿದ್ದು ನನಗೂ ದಕ್ಕಲಿಲ್ಲ. ಸೀರೆ ಹೋದದ್ದಕ್ಕಿಂತ, ಅದನ್ನುಟ್ಟ ಅಮ್ಮನನ್ನು ನಾನು ಕಣ್ತುಂಬ ನೋಡಲೇ ಇಲ್ಲವಲ್ಲ ಎಂಬುದೇ ನನ್ನ ಸಂಕಟ.

ಒಂದೆರಡನ್ನು ಮುಂದಿನವರು ನೋಡಲೆಂದು ಹಾಗೇ ಕಾಪಾಡುವುದು ಸರಿ, ಒಪ್ಪುತ್ತೇನೆ. ಆದರೆ ಅಮ್ಮ ಸೀರೆ ಇಟ್ಟದ್ದು ಮಗಳ ಮೇಲಿನ ಪ್ರೀತಿಗೆ. ಇವರಲ್ಲಿ ಎಷ್ಟೋ ಮಂದಿ ಕಾರು ಇಟ್ಟದ್ದು ಮುಂದೆ ಬರುವ ಬೆಲೆಗೆ. ಆ ಕಾರಿನ ಲಾಂಛನ ಮುಂಗಾಲೆತ್ತಿ ನಿಂತ ಕುದುರೆ. ಲಾಯದ ಬಾಗಿಲು ತೆರೆದರೆ ತಾನೇ ಅದು ಕುದುರೆ?

ಮೊನ್ನೆ ಮಗಳು ಬಂದಾಗ ಬೀರುವಿನಿಂದ ನನ್ನ ಒಳ್ಳೆಯ ಸೀರೆ ತೆಗೆದು ಅವಳ ಕೈಗಿಟ್ಟೆ. "ಯಾವ ಹಬ್ಬಕ್ಕಮ್ಮಾ?" ಎಂದಳು.

"ಇವತ್ತಿಗೇ ಉಟ್ಟುಕೋ" ಎಂದೆ.